ಕೌಂಟಿಯ ಮತ, ಸಂಸ್ಥಾನದ ಮತ

ಅಮೆರಿಕದ ಅಧ್ಯಕ್ಷರನ್ನು ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ನಿರ್ವಾಚಕರೆಂಬ ಪ್ರತಿನಿಧಿಗಳು ಆರಿಸುತ್ತಾರೆ. ಈ ನಿರ್ವಾಚಕರನ್ನು ನೇಮಿಸುವ ಕ್ರಮವನ್ನು ಆಯಾ ಸಂಸ್ಥಾನದ ಶಾಸನಸಭೆಯೇ ಗೊತ್ತುಮಾಡತಕ್ಕದ್ದೆಂದು ಅಲ್ಲಿನ ರಾಜ್ಯಾಂಗವು ವಿಧಿಸಿದೆ. ಈ ಅಧಿಕಾರದ ಮಹತ್ವವನ್ನು ನಾವು ಒಂದು ಉದಾಹರಣೆಯಿಂದ ಅರಿಯೋಣ.

1796ರಲ್ಲಿ ವರ್ಜೀನಿಯ ಸಂಸ್ಥಾನವು 21 ವಿಭಾಗಗಳಾಗಿತ್ತು. ನಮ್ಮ ತಾಲ್ಲೂಕು, ಜಿಲ್ಲೆಗಳಂತೆ ಅಲ್ಲಿ ಕೌಂಟಿಗಳಿವೆ. ಅವುಗಳನ್ನು ಕೂಡಿಸಿ ಮಾಡಿದ ಪ್ರತಿಯೊಂದು ವಿಭಾಗವೂ ಒಬ್ಬ ನಿರ್ವಾಚಕನನ್ನು ಆರಿಸಿತು. ಇಪ್ಪತ್ತು ಮಂದಿ ತಮ್ಮ ಸಂಸ್ಥಾನದವರೇ ಆದ ಥಾಮಸ್ ಜೆಫರ್ಸನ್ನರಿಗೆ ಮತವಿತ್ತರು. ಲೌಡನ್, ಫಾಕಿಯರ್ ಕೌಂಟಿಗಳ ಕಡೆಯ ಲೆವೆನ್ ಪವೆಲ್ಲರೊಬ್ಬರು ಮಾತ್ರ ಜಾನ್ ಆಡಮ್ಸರಿಗೆ ಮತವಿತ್ತರು. ಉತ್ತರ ಕೆರೊಲಿನದಲ್ಲಿಯೂ ಆಡಮ್ಸರಿಗೆ ಇಂತಹುದೇ ಒಂದು ಒಂಟಿ ಮತ ದೊರೆಯಿತು.

ಒಟ್ಟು ಫಲವೇನು? ಆಡಮ್ಸರಿಗೆ 71, ಜೆಫರ್ಸನ್ನರಿಗೆ 68. ಆ ಎರಡು ಒಂಟಿ ಮತಗಳು ಜೆಫರ್ಸನ್ನರಿಗೆ ಸಂದಿದ್ದರೆ ಅವರಿಗೆ 70, ಆಡಮ್ಸರಿಗೆ 69 ಆಗುತ್ತಿತ್ತು, ಅಧ್ಯಕ್ಷಪದವಿಯೇ ಕೈಬದಲಾಗುತ್ತಿತ್ತು.

1800ರ ಚುನಾವಣೆಗೆ ವರ್ಜೀನಿಯವು ವಿಭಾಗಗಳನ್ನು ಕೈಬಿಟ್ಟು, ಸಂಸ್ಥಾನವನ್ನೆಲ್ಲ ಒಂದೇ ಎಣಿಕೆಗೆ ಒಳಪಡಿಸಿತು. 21 ಮತಗಳೂ ಜೆಫರ್ಸನ್ನರಿಗೇ ದೊರೆತವು. ಆಡಮ್ಸರ ತವರಾದ ಮ್ಯಾಸಚೂಸೆಟ್ಸ್ ಸಹ ಸುಮ್ಮನಿರಲಿಲ್ಲ. ಅಲ್ಲಿ ಶಾಸನಸಭೆಯೇ ನಿರ್ವಾಚಕರನ್ನು ನೇಮಿಸಿ, 16 ಮತಗಳನ್ನೂ ಆಡಮ್ಸರಿಗೆ ಕೊಡಿಸಿತು. ಹೀಗೆ ಎರಡು ಪಕ್ಷಗಳೂ ತಮಗೆ ಅನುಕೂಲವಾದ ಕ್ರಮವನ್ನೇ ಹಿಡಿದವು.

ಇಂದಿಗೂ ಮೇನ್, ನೆಬ್ರಾಸ್ಕ ಎಂಬ ಎರಡು ಸಂಸ್ಥಾನಗಳನ್ನು ಬಿಟ್ಟರೆ ಉಳಿದೆಡೆಗಳಲ್ಲಿ ಗೆದ್ದವನಿಗೇ ಸಂಸ್ಥಾನದ ಮತಗಳೆಲ್ಲವೂ ಸಲ್ಲುತ್ತವೆ.

ವಿದ್ಯಾರ್ಥಿಗಳೇ, ಮತ ಹಾಕುವುದು ಪ್ರಜೆಯ ಹಕ್ಕು. ಆ ಮತವನ್ನು ಹೇಗೆ ಎಣಿಸುವರೆಂದು ಕೇಳಿ ತಿಳಿಯುವುದು ಅಷ್ಟೇ ಮುಖ್ಯವಾದ ಕರ್ತವ್ಯವೆಂಬುದನ್ನು ನಾವು ಮರೆಯದಿರೋಣ.