ಹೊಗೆಯ ಬೆಲೆಯೂ ಬಿತ್ತುವಟ್ಟವೂ

ಕನ್ನಡ ನಾಡಿನ ಕೆರೆಯ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ನೀರಿನಿಂದ ಬೆಳೆಯುವ ಭೂಮಿಯಲ್ಲಿ ಒಂದು ಪಾಲನ್ನು ಆ ಕೆರೆಯ ಹೂಳೆತ್ತುವುದಕ್ಕೂ ಏರಿಯನ್ನು ಕಾಯುವುದಕ್ಕೂ ಬಿಟ್ಟುಕೊಡುವ ಏರ್ಪಾಡು ಅದು. ಇಂದು ಅರ್ಥಶಾಸ್ತ್ರಜ್ಞರು ‘ಇಂಗಾಲದ ಬೆಲೆ’ ಎಂದು ಕರೆಯುವ ವಿಚಾರವನ್ನು ಅಳೆಯಲು ಈ ಹಳೆಯ ಪದವು ಒಳ್ಳೆಯ ಅಳತೆಗೋಲಾದೀತು.

ಕುಲುಮೆಯ ಒಡೆಯನು ಕಲ್ಲಿದ್ದಲಿಗೆ ಹಣ ತೆರುತ್ತಾನೆ, ಹೊಗೆಗೆ ತೆರುವುದಿಲ್ಲ. ಒಂದು ಟನ್ ಕಲ್ಲಿದ್ದಲು ಉರಿದರೆ ಸುಮಾರು ಒಂದೂವರೆ ಟನ್ ಇಂಗಾಲಾಮ್ಲ ವಾಯು ಹೊರಬೀಳುತ್ತದೆ (ಗಾಳಿಯ ಆಮ್ಲಜನಕವು ಕೂಡುವುದರಿಂದ ತೂಕ ಹೆಚ್ಚುವುದು). ಇದರಿಂದ ಋತುಮಾನ ಕೆಟ್ಟಾಗ ನಷ್ಟ ಅನುಭವಿಸುವವನು ಮಳೆಯನ್ನೇ ನಂಬಿದ ಒಕ್ಕಲಿಗ. ಆ ನಷ್ಟವನ್ನು ಹೊಗೆಯಾಡಿಸಿದವನ ಲೆಕ್ಕಕ್ಕೇ ಬರೆಯುವುದು ಇಂಗಾಲದ ಬೆಲೆ. ಫಿನ್ಲೆಂಡ್ ದೇಶವು 1990ರಲ್ಲಿಯೇ ಇದನ್ನು ಆರಂಭಿಸಿತು.

ಭಾರತದಲ್ಲಿ 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿಯ ಉಪಕರ ಬಂದಿತು. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಹಸಿರು ಶಕ್ತಿಗೆಂದು ನಿಧಿಯೊಂದು ಸ್ಥಾಪಿತವಾಯಿತು. ಆದರೆ 2018ರ ತನಕ ಸಂಗ್ರಹವಾದ ಸುಮಾರು 86,000 ಕೋಟಿ ರೂಪಾಯಿಗಳಲ್ಲಿ ಆ ನಿಧಿಗೆ ಸಂದದ್ದು 30,000 ಕೋಟಿಗೂ ಕಡಿಮೆ. ಉದ್ದೇಶಕ್ಕೆ ವಿನಿಯೋಗವಾದದ್ದು ಸುಮಾರು 16,000 ಕೋಟಿ. 2017ರಲ್ಲಿ ಆ ಉಪಕರ ರಾಜ್ಯಗಳ ತೆರಿಗೆ ನಷ್ಟ ತುಂಬುವ ಬಾಬಿಗೆ ಹೋಯಿತು. 2025ರ ಸೆಪ್ಟೆಂಬರದಲ್ಲಿ ಅದೂ ರದ್ದಾಗಿ, ಕಲ್ಲಿದ್ದಲಿನ ಸರಕು ಸೇವಾ ತೆರಿಗೆ ಶೇ. 5ರಿಂದ 18ಕ್ಕೆ ಏರಿತು. ಸುಂಕವೇನೋ ಇತ್ತು, ಬಿತ್ತುವಟ್ಟವಿರಲಿಲ್ಲ.

ಅದೇ ವರ್ಷದ ಅಕ್ಟೋಬರದಲ್ಲಿ ಅಲ್ಯೂಮಿನಿಯಂ, ಸಿಮೆಂಟು ಮೊದಲಾದ ದೊಡ್ಡ ಉದ್ದಿಮೆಗಳಿಗೆ ಹೊಗೆಯ ಮಿತಿ ಗೊತ್ತುಪಡಿಸಲಾಯಿತು. ಮಿತಿಗಿಂತ ಕಡಿಮೆ ಮಾಡಿದವನು ಉಳಿತಾಯದ ಪತ್ರವನ್ನು ಮಾರಬಹುದು, ಮೀರಿದವನು ಕೊಳ್ಳಬೇಕು. ಅಲ್ಯೂಮಿನಾ ತಯಾರಿಸುವ ಬೆಳಗಾವಿಗೆ ಇದು ದೂರದ ಸುದ್ದಿಯಲ್ಲ. ಯುರೋಪಿನ ಒಕ್ಕೂಟವಾದರೋ 2026ರ ಜನವರಿಯಿಂದ ಆಮದಾಗುವ ಕಬ್ಬಿಣ, ಅಲ್ಯೂಮಿನಿಯಂಗಳಿಗೂ ಇಂಗಾಲದ ಲೆಕ್ಕ ಹಚ್ಚಿದೆ. ಇಲ್ಲಿ ತೆರದ ಬೆಲೆಯನ್ನು ಅಲ್ಲಿ ತೆರಬೇಕಾದೀತು.

ಬೆಲೆಯೊಂದೇ ಸಾಲದೆಂಬುದು ಸಣ್ಣ ಉದ್ದಿಮೆಗಳನ್ನು ನೋಡಿದಾಗ ಸ್ಪಷ್ಟವಾಗುತ್ತದೆ. ಉದ್ಯಮಬಾಗದ ಫೌಂಡ್ರಿಯವನು ಕೋಕ್ ದುಬಾರಿಯೆಂದು ವಿದ್ಯುತ್ತಿನ ಕುಲುಮೆ ಹಾಕಿಸಿದನೆನ್ನೋಣ. ಆ ವಿದ್ಯುತ್ತು ಕೂಡಗಿ, ರಾಯಚೂರುಗಳ ಕಲ್ಲಿದ್ದಲಿನಿಂದಲೇ ಬಂದರೆ ಹೊಗೆ ಊರು ಬದಲಿಸಿತಷ್ಟೆ. ಗದಗಿನ ಗಾಳಿಯಂತ್ರದಿಂದಲೋ ಪಾವಗಡದ ಬಿಸಿಲಿನಿಂದಲೋ ಬಂದರೆ ಮಾತು ಬೇರೆ.

ಖಾನಾಪುರದ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿಯ ಕೆಂಪು ಮಣ್ಣಿನ ಇಟ್ಟಿಗೆ, ಹಂಚುಗಳು ಹೆಸರಾದವು. ಕಲ್ಲಿದ್ದಲಿಗೆ ಮಾತ್ರ ಬೆಲೆ ಏರಿಸಿದರೆ ಭಟ್ಟಿಯವನ ಕೈ ಸೌದೆಯತ್ತ ಹೊರಳುವುದು ಸಹಜ. ಮಲಪ್ರಭೆ ಹುಟ್ಟುವ ಕಣಕುಂಬಿಯೂ, 2011ರಲ್ಲಿ ವನ್ಯಧಾಮವಾದ ಭೀಮಗಡವೂ ಅದೇ ತಾಲೂಕಿನಲ್ಲಿವೆ. ಇಂಗಾಲವನ್ನು ಹೀರಿ ಹಿಡಿದಿಡುವ ಕಾಡನ್ನೇ ಕಡಿದು ಇಂಗಾಲ ಉಳಿಸುವುದು ಎಂಥ ಲೆಕ್ಕ! ಬಿಸಿಗಾಳಿಯನ್ನು ಅಂಕುಡೊಂಕಾಗಿ ಹಾಯಿಸುವ ಜಿಗ್‌ಜಾಗ್ ಭಟ್ಟಿಯಲ್ಲಿ ಹಳೆಯ ಚಿಮಣಿ ಭಟ್ಟಿಗಿಂತ ಸುಮಾರು ಐದನೆಯ ಒಂದು ಪಾಲು ಕಲ್ಲಿದ್ದಲು ಉಳಿಯುತ್ತದೆ. ಅದನ್ನು ಕಟ್ಟಲು ಬಂಡವಾಳ ಬೇಕು, ಇಟ್ಟಿಗೆ ಜೋಡಿಸುವವರಿಗೆ ಹೊಸ ತರಬೇತಿ ಬೇಕು. ಟನ್ನಿಗೆ 400 ರೂಪಾಯಿಯಂತೆ ಸಂಗ್ರಹಿಸಿದ ಹಣ ತಲುಪಬೇಕಾಗಿದ್ದುದು ಇಂಥ ಭಟ್ಟಿಗಳ ಬಾಗಿಲಿಗೆ.