ಬ್ರಿಟನ್ನಿನಲ್ಲಿ ಕಾರು ವಿಮೆ: ಉದ್ಯೋಗದ ಕಾಲಂ ತುಂಬುವಾಗ ಸುಳ್ಳು ಬೇಡ

ಬ್ರಿಟನ್ನಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ನಮ್ಮವರು ಮೈಲೇಜು, ಎಂಒಟಿ (ವಾರ್ಷಿಕ ವಾಹನ ತಪಾಸಣೆ) ದಾಖಲೆ, ಟೈರಿನ ಸವೆತ ಎಲ್ಲವನ್ನೂ ಕೂಲಂಕಷವಾಗಿ ನೋಡುತ್ತಾರೆ. ವಿಮೆಯ ಫಾರಂ ಮಾತ್ರ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ, ಕೈಗೆ ಸಿಕ್ಕಿದ್ದನ್ನು ಒತ್ತಿ ಮುಗಿದುಹೋಗುತ್ತದೆ. ಅದರಲ್ಲೂ ‘ಎಂಪ್ಲಾಯ್‌ಮೆಂಟ್ ಸ್ಟೇಟಸ್’ ಎಂಬ ಕಾಲಂ! ಕೆಲಸ ಹೋಗಿ ತಿಂಗಳಾದವರು ‘ಎಂಪ್ಲಾಯ್ಡ್’ ಎನ್ನುತ್ತಾರೆ. ಮನೆಯಲ್ಲಿರುವ ಹೆಂಡತಿಯ ಹೆಸರಿನ ಮುಂದೆ ಅವರು ಮೈಸೂರಿನಲ್ಲಿ ಬಿಟ್ಟುಬಂದ ಟೀಚರ್ ಕೆಲಸವನ್ನೇ ಹಾಕುತ್ತಾರೆ. ಕೋರ್ಸ್ ಮುಗಿದು ಆರು ತಿಂಗಳಾದರೂ ಕೆಲವರು ‘ಸ್ಟೂಡೆಂಟ್’ ಆಗಿಯೇ ಉಳಿದಿರುತ್ತಾರೆ.

ಇದಕ್ಕೆ ಊರಿನ ಅಭ್ಯಾಸವೂ ಒಂದು ಕಾರಣ. ಇಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಕಾರಿನ ಸಿಸಿ ನೋಡಿ. ಮಿಕ್ಕದ್ದನ್ನು ಶೋರೂಮಿನವರೋ ಏಜೆಂಟರೋ ತುಂಬುತ್ತಾರೆ, ನಾವು ಸಹಿ ಹಾಕುತ್ತೇವೆ. ಬ್ರಿಟನ್ನಿನಲ್ಲಿ ಗಾಡಿಯಷ್ಟೇ ಅದನ್ನು ಓಡಿಸುವವರನ್ನೂ ತೂಗಿ ನೋಡುತ್ತಾರೆ: ವಯಸ್ಸು, ಪೋಸ್ಟ್‌ಕೋಡ್, ಲೈಸೆನ್ಸ್ ಸಿಕ್ಕ ವರ್ಷ, ಉದ್ಯೋಗ. ಕೇಳಿದ ಪ್ರಶ್ನೆಗೆ ಎಚ್ಚರದಿಂದ, ತಪ್ಪಿಲ್ಲದೆ ಉತ್ತರಿಸುವ ಹೊಣೆ ಗ್ರಾಹಕರದೇ ಎಂದು ಅಲ್ಲಿನ 2012ರ ಗ್ರಾಹಕ ವಿಮಾ ಕಾಯ್ದೆ ಹೇಳುತ್ತದೆ. ಅದು ಜಾರಿಗೆ ಬಂದದ್ದು 2013ರ ಏಪ್ರಿಲ್‌ನಲ್ಲಿ. ಹಿನ್ನೆಲೆ ಇಷ್ಟು ಸಾಕು.

ಮೊದಲ ಹೆಜ್ಜೆ: ಇವತ್ತು ನೀವು ಏನು?

ಬೆಲೆ ಹೋಲಿಸುವ ವೆಬ್‌ಸೈಟ್ ತೆರೆಯುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪಾಲಿಸಿ ಶುರುವಾಗುವ ದಿನ ನನಗೆ ಕೆಲಸ ಇರುತ್ತದೆಯೇ? ಯಾರ ಕೈಕೆಳಗೆ? ಸಂಬಳ ಯಾರು ಕೊಡುತ್ತಾರೆ? ಗಾಡಿ ಓಡಿಸುವ ಇನ್ನೊಬ್ಬರ ಹೆಸರು ಸೇರಿಸುವುದಿದ್ದರೆ ಅವರದ್ದೂ ಬೇಕು. ಫಾರಂ ಅವರ ಉದ್ಯೋಗವನ್ನೂ ಕೇಳುತ್ತದೆ.

ನೋಟಿಸ್ ಅವಧಿಯಲ್ಲಿದ್ದೀರಾ? ಕೊನೆಯ ದಿನದವರೆಗೂ ನೀವು ಉದ್ಯೋಗಿಯೇ. ಹೆರಿಗೆ ರಜೆಯಲ್ಲಿರುವವರೂ ಉದ್ಯೋಗಿಗಳೇ. ಕೈಯಲ್ಲಿ ಆಫರ್ ಲೆಟರ್ ಇದೆ, ಸೇರುವುದು ಮುಂದಿನ ತಿಂಗಳು ಎಂದಾದರೆ ಮಾತ್ರ ಇನ್ನೂ ಉದ್ಯೋಗಿಯಲ್ಲ. ಸೇರಿದ ದಿನ ಫೋನ್ ಮಾಡಿ ಬದಲಿಸಿಕೊಳ್ಳಿ. ಅಂಬ್ರೆಲಾ ಕಂಪನಿಯ ಮೂಲಕ ಕಾಂಟ್ರ್ಯಾಕ್ಟ್ ಮಾಡುವವರು ಆ ಕಂಪನಿಯ ನೌಕರರು. ತಮ್ಮದೇ ಲಿಮಿಟೆಡ್ ಕಂಪನಿ ಇಟ್ಟುಕೊಂಡ ಐಟಿಯವರ ವಿಷಯದಲ್ಲಿ ಒಂದೊಂದು ವಿಮಾ ಕಂಪನಿಯದು ಒಂದೊಂದು ರೀತಿ. ಊಹಿಸಲು ಹೋಗಬೇಡಿ, ಕೇಳಿ.

ಮನೆ, ಮಕ್ಕಳನ್ನು ನೋಡಿಕೊಂಡು ಇರುವವರು, ಕೆಲಸ ಹುಡುಕದಿದ್ದರೆ, ‘ಅನ್‌ಎಂಪ್ಲಾಯ್ಡ್’ ಎಂದು ಒತ್ತಬೇಕಾಗಿಲ್ಲ. ಹೆಚ್ಚಿನ ಫಾರಂಗಳಲ್ಲಿ ಗೃಹಿಣಿ ಅಥವಾ ಮನೆ ನೋಡಿಕೊಳ್ಳುವವರು ಎಂಬ ಬೇರೆ ಆಯ್ಕೆಯೇ ಇರುತ್ತದೆ. ನಿಜವೂ ಅದೇ, ಪ್ರೀಮಿಯಂ ಕಡಿಮೆ ಬಂದರೂ ಬರಬಹುದು.

ವಿದ್ಯಾರ್ಥಿಗಳು ವಾರಾಂತ್ಯ ಅಂಗಡಿಯಲ್ಲಿ ದುಡಿಯುತ್ತಿದ್ದರೆ ಅದನ್ನೂ ಹೇಳಬೇಕು. ಪಾರ್ಟ್‌ಟೈಮ್ ಕೆಲಸದ ಪ್ರಶ್ನೆ ಪ್ರತ್ಯೇಕವಾಗಿ ಬರುತ್ತದೆ. ‘ಇಲ್ಲ’ ಎಂದು ಒತ್ತಿ ದಾಟಿಬಿಡುವವರೇ ಹೆಚ್ಚು.

‘ಅನ್‌ಎಂಪ್ಲಾಯ್ಡ್’ ಎಂದು ಒತ್ತಲು ಕೈ ಬಾರದವರಿಗೆ

ನನ್ನ ದೊಡ್ಡ ತಕರಾರು ಇಲ್ಲಿದೆ. ರೆಡಿಂಗ್‌ನಲ್ಲಿರುವ ಪರಿಚಯದ ಹುಡುಗನೊಬ್ಬನ ಕೆಲಸ ಹೋದ ವಾರವೇ ಪಾಲಿಸಿ ನವೀಕರಣ ಬಂತು. ಹಳೆಯ ವಿವರವನ್ನೇ ಬಿಟ್ಟು ‘ಕನ್ಫರ್ಮ್’ ಒತ್ತಿದ್ದ. ಯಾಕಪ್ಪಾ ಎಂದರೆ, “ಸರ್, ಅನ್‌ಎಂಪ್ಲಾಯ್ಡ್ ಅಂತ ಒತ್ತೋಕೆ ಕೈ ಬರ್ಲಿಲ್ಲ. ಊರಲ್ಲಿ ಅಪ್ಪಂಗೇ ಇನ್ನೂ ಹೇಳಿಲ್ಲ” ಎಂದ. ಅಪ್ಪನಿಗೆ ಯಾವಾಗ ಹೇಳುವುದು ಎಂಬುದು ಅವನಿಗೆ ಬಿಟ್ಟದ್ದು. ವಿಮಾ ಕಂಪನಿಗೆ ಮಾತ್ರ ಇವತ್ತೇ ಹೇಳಬೇಕು.

ಕಾನೂನು ತಪ್ಪು ಉತ್ತರಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಅಜಾಗರೂಕತೆಯಿಂದ ಆದದ್ದು ಒಂದು. ಗೊತ್ತಿದ್ದೂ, ಅಥವಾ ಸರಿಯೋ ತಪ್ಪೋ ಏನಾದರಾಗಲಿ ಎಂದು, ಹೇಳಿದ್ದು ಇನ್ನೊಂದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ಕ್ಲೈಮ್ ಕಡಿತವಾಗುತ್ತದೆ. ನಿಜ ಹೇಳಿದ್ದರೆ 900 ಪೌಂಡ್ ಆಗುತ್ತಿದ್ದ ಪ್ರೀಮಿಯಂಗೆ ನೀವು 600 ಕಟ್ಟಿದ್ದೀರಿ ಎನ್ನಿ. 3,000 ಪೌಂಡ್ ರಿಪೇರಿಗೆ ಮೂರರಲ್ಲಿ ಎರಡು ಪಾಲು, ಅಂದರೆ 2,000 ಸಿಗುತ್ತದೆ. ಎರಡನೆಯದರಲ್ಲಿ ಪಾಲಿಸಿಯೇ ಮೊದಲ ದಿನದಿಂದ ಇರಲಿಲ್ಲ ಎಂದು ತೀರ್ಮಾನಿಸಿ, ಕಟ್ಟಿದ ಹಣವನ್ನೂ ಕಂಪನಿ ಇಟ್ಟುಕೊಳ್ಳಬಹುದು.

ವರ್ಷಕ್ಕೆ ಓಡಿಸುವ ಮೈಲಿಯ ಅಂದಾಜು ತಪ್ಪಿದರೆ ‘ಗೊತ್ತಾಗಲಿಲ್ಲ’ ಎನ್ನಬಹುದು. ಹೋದ ವಾರ ಲ್ಯಾಪ್‌ಟಾಪ್ ಹಿಂದಿರುಗಿಸಿ ಬಂದವರು ‘ಕೆಲಸ ಹೋದದ್ದು ಮರೆತಿದ್ದೆ’ ಎಂದರೆ ಯಾರು ನಂಬುತ್ತಾರೆ? ಉದ್ಯೋಗದ ಸುಳ್ಳು ಉಳಿದ ತಪ್ಪುಗಳಿಗಿಂತ ಅಪಾಯಕಾರಿ ಎನ್ನುವುದು ಇದಕ್ಕೇ. ಅಪಘಾತವಾದಾಗ ಸಂಬಳದ ಚೀಟಿ ಕೇಳಿದರೆ ಎಲ್ಲಿಂದ ತರುತ್ತೀರಿ?

ಎದುರಿನ ಗಾಡಿಯವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ನಿಮ್ಮಿಂದಲೇ ವಸೂಲಿ ಮಾಡಲು ಬರಬಹುದು. ಇನ್ನು ಮುಂದೆ ಯಾವ ಫಾರಂ ತುಂಬಿದರೂ ‘ನಿಮ್ಮ ಪಾಲಿಸಿ ಹಿಂದೆ ರದ್ದಾಗಿತ್ತೇ?’ ಎಂಬ ಪ್ರಶ್ನೆಗೆ ‘ಹೌದು’ ಎನ್ನಬೇಕು. ಆ ‘ಹೌದು’ ನೋಡಿದ ಕೂಡಲೇ ಬಾಗಿಲು ಹಾಕಿಕೊಳ್ಳುವ ಕಂಪನಿಗಳಿವೆ.

ಕೆಲವರಿಗೆ ವೀಸಾ ಭಯ: ಕೆಲಸವಿಲ್ಲ ಎಂದು ವಿಮೆಯವರಿಗೆ ಹೇಳಿದರೆ ಸರ್ಕಾರಕ್ಕೆ ಗೊತ್ತಾಗಿಬಿಡುತ್ತದಲ್ಲ! ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದರೆ, ನಿಮ್ಮನ್ನು ಕರೆಸಿಕೊಂಡ ಕಂಪನಿಯೇ 10 ಕೆಲಸದ ದಿನಗಳೊಳಗೆ ಗೃಹ ಇಲಾಖೆಗೆ ತಿಳಿಸಬೇಕು. ವಿಮೆಯ ಫಾರಂನಲ್ಲಿ ಬಚ್ಚಿಟ್ಟು ಉಳಿಸಿಕೊಳ್ಳುವುದು ಏನೂ ಇಲ್ಲ.

ಕೆಲಸವಿಲ್ಲ ಎಂದರೆ ಪ್ರೀಮಿಯಂ ಸಾಮಾನ್ಯವಾಗಿ ಏರುತ್ತದೆ, ನಿಜ. ಎಷ್ಟು ಏರುತ್ತದೆ ಎಂದು ನೋಡುವ ಮೊದಲೇ ಸುಳ್ಳು ಹೇಳುವವರನ್ನು ಕಂಡರೆ ನನಗೆ ಬೇಸರ. ಒಂದು ಕಂಪನಿಯಲ್ಲಿ ದುಬಾರಿಯಾದದ್ದು ಇನ್ನೊಂದರಲ್ಲಿ ಆಗದಿರಬಹುದು.

ಹುದ್ದೆಯ ಹೆಸರು: ಎಲ್ಲಿಯವರೆಗೆ ಸರಿ?

ಪಟ್ಟಿಯಲ್ಲಿ ನಿಮ್ಮ ಕೆಲಸಕ್ಕೆ ಹೊಂದುವ ಎರಡು ಮೂರು ಹೆಸರುಗಳಿರುತ್ತವೆ. ಸಾಫ್ಟ್‌ವೇರ್ ಎಂಜಿನಿಯರ್, ಕಂಪ್ಯೂಟರ್ ಪ್ರೋಗ್ರಾಮರ್, ಐಟಿ ಕನ್ಸಲ್ಟೆಂಟ್ — ಮೂರೂ ನಿಮಗೆ ನಿಜವಾಗಿ ಒಪ್ಪುವಂತಿದ್ದರೆ ಮೂರನ್ನೂ ಹಾಕಿ, ಕಡಿಮೆ ಬಂದದ್ದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಮ್ಯಾನೇಜರ್ ಕೇಳಿದರೆ ‘ಹೌದು, ಇವರ ಕೆಲಸ ಅದೇ’ ಎನ್ನಬೇಕು, ಅಷ್ಟೇ. ರೆಸ್ಟೋರೆಂಟ್‌ನಲ್ಲಿ ಅಡುಗೆ ಮಾಡುವವರು ‘ಕೇಟರಿಂಗ್ ಕನ್ಸಲ್ಟೆಂಟ್’ ಆಗುವುದು ಬೇಡ. ಅಗ್ಗ ಬರುವವರೆಗೂ ಉತ್ತರ ತಿದ್ದುತ್ತಾ ಕೂರುವುದೂ ಬೇಡ. ಹಾಗೆ ತಿದ್ದಿದ್ದನ್ನು ವಿಮಾ ಕಂಪನಿಗಳು ಗಮನಿಸುತ್ತವೆ.

ಗಾಡಿ ಯಾತಕ್ಕೆ?

ಪಕ್ಕದಲ್ಲೇ ಬಳಕೆಯ ಪ್ರಶ್ನೆಯೂ ಇರುತ್ತದೆ. ತಿರುಗಾಟ, ಅಂಗಡಿಗಷ್ಟೇ ಆದರೆ ಒಂದು ಬಗೆ. ಆಫೀಸಿಗೆ ಹೋಗಿಬರಲು, ಕೆಲವು ಪಾಲಿಸಿಗಳಲ್ಲಿ ರೈಲು ನಿಲ್ದಾಣದವರೆಗೆ ಹೋಗಿ ನಿಲ್ಲಿಸಲೂ, ‘ಕಮ್ಯೂಟಿಂಗ್’ ಸೇರಿಸಬೇಕು. ಸಾಮಾನ್ಯ ಪಾಲಿಸಿಯಲ್ಲಿ ಊಟ, ಪಾರ್ಸಲ್ ಡೆಲಿವರಿ ಸೇರುವುದಿಲ್ಲ. ಅದಕ್ಕೆ ಬೇರೆಯದೇ ವಿಮೆ. ಸ್ಟೂಡೆಂಟ್ ವೀಸಾದವರು ಸ್ವಯಂ ಉದ್ಯೋಗ ಮಾಡುವಂತಿಲ್ಲವಾದ್ದರಿಂದ ಡೆಲಿವರಿ ಆ್ಯಪ್‌ಗಳತ್ತ ಹೋಗದಿರುವುದೇ ಕ್ಷೇಮ. ಗೆಳೆಯನ ಅಕೌಂಟಿನಲ್ಲಿ ಓಡಿಸುವವರಿಗೆ ವೀಸಾ, ವಿಮೆ ಎರಡೂ ಕಡೆಯಿಂದ ಪೆಟ್ಟು.

ನಡುವೆ ಬದಲಾದರೆ

ಕೆಲಸ ಹೋಯಿತು, ಸಿಕ್ಕಿತು, ಊರು ಬದಲಾಯಿತು: ಪಾಲಿಸಿ ಪುಸ್ತಿಕೆಯಲ್ಲಿ ಯಾವ ಬದಲಾವಣೆ ತಿಳಿಸಬೇಕು ಎಂಬ ಪಟ್ಟಿ ಇರುತ್ತದೆ, ಓದಿ. ತಿದ್ದುಪಡಿ ಶುಲ್ಕ ಕೇಳಬಹುದು, ಕೊಡಿ. ಹೊಸ ಪ್ರಮಾಣಪತ್ರ ಬಂದ ಮೇಲೆ ವಿವರ ತಾಳೆ ನೋಡಿ. ಪಾಲಿಸಿ ತಾನಾಗಿ ನವೀಕರಣವಾದರೆ ಹಳೆಯ ಉದ್ಯೋಗವೂ ಹಾಗೇ ಮುಂದುವರಿಯುತ್ತದೆ ಎಂಬುದು ನೆನಪಿರಲಿ.

ತಪ್ಪು ವಿವರಕ್ಕೆ ಕಂಪನಿ ಪಾಲಿಸಿ ರದ್ದು ಮಾಡಿ, ಆ ಪತ್ರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದು, ಗೊತ್ತಿಲ್ಲದೆ ಓಡಿಸಿದರೂ ಅದು ವಿಮೆಯಿಲ್ಲದ ಚಾಲನೆಯೇ. 300 ಪೌಂಡ್ ದಂಡ, ಲೈಸೆನ್ಸ್‌ಗೆ 6 ಪಾಯಿಂಟ್, ಗಾಡಿಯನ್ನೂ ಎಳೆದೊಯ್ಯಬಹುದು. ಅಲ್ಲಿನ ಪರೀಕ್ಷೆ ಮೊದಲ ಬಾರಿಗೆ ಪಾಸಾಗಿ ಎರಡು ವರ್ಷ ತುಂಬದವರಿಗೆ 6 ಪಾಯಿಂಟ್ ಎಂದರೆ ಲೈಸೆನ್ಸೇ ಹೋದಂತೆ.

ಕ್ಲೈಮ್ ನಿರಾಕರಿಸಿದರೆ ಕಾರಣವೂ, ನಿಮಗೆ ಕೇಳಿದ ಪ್ರಶ್ನೆಯ ಪದಪದವೂ ಬರಹದಲ್ಲಿ ಬೇಕೆಂದು ಕೇಳಿ; ಪ್ರಶ್ನೆಯೇ ಅಸ್ಪಷ್ಟವಾಗಿದ್ದರೆ ನಿಮ್ಮ ಪರವಾಗಿ ವಾದವಿದೆ. ಮೊದಲು ಕಂಪನಿಗೇ ದೂರು ಕೊಡಿ. ಎಂಟು ವಾರವಾದರೂ ಬಗೆಹರಿಯದಿದ್ದರೆ ಅಥವಾ ಕೊನೆಯ ಉತ್ತರ ಒಪ್ಪಿಗೆಯಾಗದಿದ್ದರೆ ಫೈನಾನ್ಶಿಯಲ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ; ಕೊನೆಯ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು.