ನೇಪಾಳದ ಅನಾಥಾಶ್ರಮಕ್ಕೆ ಮಿಷನ್ ಟ್ರಿಪ್: ಹೊರಡುವ ಮುನ್ನ, ಹೋದಾಗ, ಬಂದ ಮೇಲೆ

ಸಭೆಯ ಯುವಜನ ಸಂಘದಲ್ಲಿ ಹೊರದೇಶದ ಮಿಷನ್ ಟ್ರಿಪ್ ಮಾತು ಬಂತೆಂದರೆ ನೇಪಾಳದ ಹೆಸರು ಬೇಗ ಬಾಯಿಗೆ ಬರುತ್ತದೆ. ನಮಗೆ ವೀಸಾ ಬೇಡ, ಹಿಂದಿ ಗೊತ್ತಿದ್ದರೆ ಹೇಗೋ ಮಾತು ನಡೆಯುತ್ತದೆ, ಗೋರಖ್‌ಪುರದವರೆಗೆ ರೈಲಿನಲ್ಲಿ ಹೋಗಿ ಸುನೌಲಿ ಗಡಿ ದಾಟಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಕಠ್ಮಂಡುವಿನ ಅನಾಥಾಶ್ರಮವೊಂದರಲ್ಲಿ ಹತ್ತು ದಿನ ಉಳಿದು, ಮಕ್ಕಳಿಗೆ ಹಾಡು ಕಲಿಸಿ, ಬಟ್ಟೆಬರೆ ಹಂಚಿ, ಕೂಡಿ ಪ್ರಾರ್ಥಿಸಿ ಬರಬೇಕೆಂಬ ಆಸೆ ಒಳ್ಳೆಯ ಮನಸ್ಸಿನಿಂದ ಹುಟ್ಟುವಂಥದು. ಆ ಒಳ್ಳೆಯ ಮನಸ್ಸಿನಿಂದ ಮಗುವಿಗೆ ಕೇಡಾಗದಂತೆ ನೋಡಿಕೊಳ್ಳುವುದು ಹೇಗೆಂದು ಹೇಳುವುದಕ್ಕೇ ಈ ಲೇಖನ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ತಮ್ಮ ಚರ್ಚಿನ ತಂಡದೊಂದಿಗೆ ಕೀನ್ಯಾಕ್ಕೋ ಕಾಂಬೋಡಿಯಕ್ಕೋ ಹೊರಟಿದ್ದರೂ ಇಲ್ಲಿನ ಹೆಚ್ಚಿನ ಮಾತುಗಳು ಅವರಿಗೂ ಅನ್ವಯಿಸುತ್ತವೆ.

ಮೊದಲು ತಿಳಿಯಬೇಕಾದದ್ದು

ನೇಪಾಳದ ಅನಾಥಾಶ್ರಮಗಳಲ್ಲಿರುವ ಹತ್ತು ಮಕ್ಕಳಲ್ಲಿ ಎಂಟರಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಕಾಂಬೋಡಿಯದಲ್ಲಿ ಈ ಪ್ರಮಾಣ ನಾಲ್ವರಲ್ಲಿ ಮೂವರು. ಹಾಗಾದರೆ ಆ ಮಕ್ಕಳು ಅಲ್ಲಿಗೆ ಬಂದದ್ದು ಹೇಗೆ?

1996ರಿಂದ 2006ರವರೆಗೆ ನೇಪಾಳದಲ್ಲಿ ಅಂತರ್ಯುದ್ಧ ನಡೆಯಿತು. ಪಶ್ಚಿಮದ ತುದಿಯಲ್ಲಿರುವ ಹುಮ್ಲಾದಂಥ ಬೆಟ್ಟದ ಜಿಲ್ಲೆಗಳಲ್ಲಿ ಮಾವೋವಾದಿಗಳು ಮಕ್ಕಳನ್ನೂ ಸೇನೆಗೆ ಎಳೆದೊಯ್ಯುತ್ತಾರೆಂಬ ಭಯವಿತ್ತು. ಆಗ ದಲ್ಲಾಳಿಗಳು ಹಳ್ಳಿಗೆ ಬಂದು, ಕಠ್ಮಂಡುವಿನಲ್ಲಿ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ, ಹೊಟ್ಟೆತುಂಬ ಊಟ ಸಿಗುತ್ತದೆ ಎಂದು ಹೇಳಿ ಮಕ್ಕಳನ್ನು ಕರೆದೊಯ್ದರು. ಅದಕ್ಕೆ ತಂದೆತಾಯಿಗಳು ಹೊಲ ಮಾರಿ, ಸಾಲ ಮಾಡಿ ದುಡ್ಡು ಕೊಟ್ಟರು. ನಗರ ಸೇರಿದ ಮೇಲೆ ಅದೇ ಮಗುವಿಗೆ ಅನಾಥ ಎಂಬ ಸುಳ್ಳು ಕಾಗದ ತಯಾರಾಗುತ್ತಿತ್ತು. ಅಮೆರಿಕದ ಕಾನರ್ ಗ್ರೆನನ್ ಎಂಬವರು ಅಲ್ಲಿನ ಮಕ್ಕಳ ಮನೆಯೊಂದಕ್ಕೆ ಸ್ವಯಂಸೇವಕರಾಗಿ ಬಂದವರು. ತಾವು ನೋಡಿಕೊಳ್ಳುತ್ತಿದ್ದ ಮಕ್ಕಳಿಗೆ ತಂದೆತಾಯಿ ಇದ್ದಾರೆಂದು ಗೊತ್ತಾದಾಗ, ಅವರ ಫೋಟೊ ಹಿಡಿದು ಹುಮ್ಲಾದ ಬೆಟ್ಟದ ದಾರಿಗಳಲ್ಲಿ ನಡೆದು, ಒಂದೊಂದು ಮನೆಯನ್ನೂ ಹುಡುಕಿದರು. ಆ ಕೆಲಸದಿಂದಲೇ ‘ನೆಕ್ಸ್ಟ್ ಜನರೇಷನ್ ನೇಪಾಳ’ ಎಂಬ ಸಂಸ್ಥೆ ಬೆಳೆಯಿತು.

ಯುದ್ಧ ಮುಗಿದರೂ ಈ ವ್ಯವಹಾರ ನಿಲ್ಲಲಿಲ್ಲ. ಇಂಥ ಆಶ್ರಮಗಳು ಎಲ್ಲಿವೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಿ ಅವು ಕಡಿಮೆ. ಬಹುಪಾಲು ಇರುವುದು ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್ ಕಡೆ, ಅಂದರೆ ಪ್ರವಾಸಿಗರು ಬರುವ ಜಾಗಗಳಲ್ಲಿ. ಸ್ವಯಂಸೇವಕರು ಬರುತ್ತಾರೆ, ಅವರ ಹಿಂದೆ ದೇಣಿಗೆ ಬರುತ್ತದೆ. ದೇಣಿಗೆ ಬರುತ್ತಿರಬೇಕಾದರೆ ಆಶ್ರಮದಲ್ಲಿ ಮಕ್ಕಳು ತುಂಬಿರಬೇಕು. ನಮ್ಮ ಭೇಟಿಯೇ ಒಂದು ಮಗುವನ್ನು ತಾಯಿಯಿಂದ ದೂರ ಮಾಡಲು ಕಾರಣವಾಗಬಹುದು ಎಂಬ ಮಾತು ಕಹಿ. ಆದರೆ ಟ್ರಿಪ್ಪಿನ ಮೊದಲ ಸಭೆಯಲ್ಲೇ ತಂಡದ ಎಲ್ಲರ ಮುಂದೆ ಇದನ್ನು ಹೇಳಲೇಬೇಕು.

ಒಳ್ಳೆಯ ಉದ್ದೇಶ ಇದ್ದಮಾತ್ರಕ್ಕೆ ಸಾಲದು ಎಂಬುದಕ್ಕೆ ಹೈಟಿಯ ಉದಾಹರಣೆ ಕಣ್ಮುಂದಿದೆ. 2010ರ ಜನವರಿಯ ಭೂಕಂಪದ ಬೆನ್ನಲ್ಲೇ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ಮಿಷನರಿಗಳು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಡೊಮಿನಿಕನ್ ಗಣರಾಜ್ಯದ ಗಡಿ ದಾಟಲು ಹೋಗಿ ಬಂಧನಕ್ಕೊಳಗಾದರು. ಅನಾಥರನ್ನು ಉಳಿಸುತ್ತಿದ್ದೇವೆ ಎಂದು ಅವರು ನಂಬಿದ್ದರು. ಆದರೆ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಹೆತ್ತವರಿದ್ದರು. ಮುಂದೆ ಆಸ್ಟ್ರೇಲಿಯಾ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಹೊತ್ತಿಗೆ ಅನಾಥಾಶ್ರಮಕ್ಕಾಗಿ ಮಕ್ಕಳ ಸಾಗಣೆಯನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಶ್ರಮ ಸ್ವಯಂಸೇವೆಯಿಂದಾಗುವ ಹಾನಿಯನ್ನು ಎತ್ತಿ ಹೇಳಿತು.

ಫೋನಿನಲ್ಲೇ ಕೇಳಬೇಕಾದ ಪ್ರಶ್ನೆಗಳು

ಟಿಕೆಟ್ ಮಾಡಿಸುವ ಮೊದಲು ಆ ಆಶ್ರಮ ನಡೆಸುವವರ ಜೊತೆ ಬಿಡುವಾಗಿ ಮಾತಾಡಿ. ನೋಂದಣಿ ಆಗಿದೆಯೇ, ಸ್ಥಳೀಯ ನಗರಪಾಲಿಕೆಯ ಅನುಮತಿ ಇದೆಯೇ, ಲೆಕ್ಕಪತ್ರ ತೋರಿಸುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ, ನೀವೂ ಕೇಳಿ. ಅಲ್ಲಿನ ರಾಷ್ಟ್ರೀಯ ಬಾಲ ಅಧಿಕಾರ ಪರಿಷತ್ತಿಗೆ ಆ ಸಂಸ್ಥೆ ಗೊತ್ತೇ ಎಂದು ವಿಚಾರಿಸಿ. ಆದರೆ ನಿಜ ಹೊರಬೀಳುವುದು ಇನ್ನೊಂದು ಪ್ರಶ್ನೆಯಿಂದ: ದಸೈಂ ಹಬ್ಬಕ್ಕೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

ದಸೈಂ ನೇಪಾಳಿಗಳ ದಸರಾ. ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿ ಕಿರಿಯರ ಹಣೆಗೆ ಟೀಕಾ ಇಟ್ಟು ಹರಸುವ ಹಬ್ಬ. ಆ ದಿನಗಳಲ್ಲಿ ಕಠ್ಮಂಡು ಖಾಲಿಯಾಗಿ, ದುಡಿಯಲು ಬಂದವರೆಲ್ಲ ಬಸ್ಸು ಹಿಡಿದು ಊರಿಗೆ ಹೋಗುತ್ತಾರೆ. ಕ್ರೈಸ್ತ ಕುಟುಂಬಗಳಲ್ಲಿ ಟೀಕಾ ಇಡದವರೂ ಇದ್ದಾರೆ. ಆದರೂ ಊರು, ನೆಂಟರು, ರಜೆ ಎಲ್ಲರಿಗೂ ಒಂದೇ. ಜವಾಬ್ದಾರಿಯಿಂದ ನಡೆಯುವ ಸಂಸ್ಥೆಯವರು, ಇಷ್ಟು ಮಕ್ಕಳು ಅಜ್ಜಿಯ ಮನೆಗೆ ಹೋಗುತ್ತಾರೆ, ಇಷ್ಟು ಮಕ್ಕಳ ತಾಯಂದಿರು ಇಲ್ಲಿಗೇ ಬರುತ್ತಾರೆ, ಇಂಥ ಮಗುವಿನ ಸಂಬಂಧಿಕರನ್ನು ಇನ್ನೂ ಹುಡುಕುತ್ತಿದ್ದೇವೆ ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ. ಯಾರಿಗೂ ಯಾರೂ ಇಲ್ಲ, ಎಲ್ಲರೂ ನಮ್ಮ ಜೊತೆಯೇ ಇರುತ್ತಾರೆ ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ.

ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು ಎಂದೂ ಕೇಳಿ. ನಮ್ಮ ತಂಡದವರ ಪೊಲೀಸ್ ಪರಿಶೀಲನಾ ಪತ್ರ ಬೇಕೇ ಎಂದು ಕೇಳಿ. ಅದೆಲ್ಲ ಬೇಡ, ಯಾವಾಗ ಬೇಕಾದರೂ ಬನ್ನಿ, ಮಕ್ಕಳನ್ನು ಹೊರಗೆ ಸುತ್ತಾಡಿಸಿಕೊಂಡು ಬರಬಹುದು ಎಂದು ಹೇಳುವ ಆಶ್ರಮ ನಿಮ್ಮನ್ನು ಹೇಗೆ ಬಿಟ್ಟುಕೊಳ್ಳುತ್ತದೋ ಕೆಟ್ಟವನನ್ನೂ ಹಾಗೆಯೇ ಬಿಟ್ಟುಕೊಳ್ಳುತ್ತದೆ.

ಕೆಲಸವನ್ನೇ ಬದಲಿಸಿ

ವ್ಯಾನು ಗೇಟಿನ ಬಳಿ ನಿಲ್ಲುತ್ತಿದ್ದಂತೆ ಪುಟ್ಟ ಮಕ್ಕಳು ಓಡಿಬಂದು ಬೆರಳು ಹಿಡಿಯುತ್ತಾರೆ, ಎಂದೂ ನೋಡದವರ ತೊಡೆ ಏರಿ ಕೂರುತ್ತಾರೆ, ದೀದಿ, ದಾಯಿ ಎಂದು ಕರೆಯುತ್ತಾ ಬಿಡದೆ ಅಪ್ಪಿಕೊಳ್ಳುತ್ತಾರೆ. ಎಷ್ಟು ಪ್ರೀತಿಯ ಮಕ್ಕಳು ಎಂದು ಕಣ್ಣು ತುಂಬಿಬರುತ್ತದೆ. ಆದರೆ ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತದೆ. ಸಿಕ್ಕಸಿಕ್ಕವರನ್ನೆಲ್ಲ ತಬ್ಬುವ ಮಗುವಿಗೆ ತನ್ನವರು ಯಾರೆಂಬ ಭರವಸೆಯೇ ಬೆಳೆದಿರದಿರಬಹುದು. ನೀವು ಹತ್ತು ದಿನ ಪ್ರೀತಿ ತೋರಿಸಿ ಹೊರಡುತ್ತೀರಿ, ಹದಿನೈದು ದಿನಕ್ಕೆ ಇನ್ನೊಂದು ತಂಡ ಬರುತ್ತದೆ, ಅದೂ ಹೋಗುತ್ತದೆ. ಒಬ್ಬೊಬ್ಬರು ಬಿಟ್ಟುಹೋದಾಗಲೂ ಆ ಗಾಯ ಮತ್ತೆ ಹಸಿಯಾಗುತ್ತದೆ.

ಸಂಸ್ಥೆಯಲ್ಲಿ ಬೆಳೆಯುವುದೆಂದರೆ ಮಗುವಿಗೆ ಏನು ಎಂಬುದನ್ನು ರುಮೇನಿಯಾದ ಬುಕಾರೆಸ್ಟ್‌ನಲ್ಲಿ ನಡೆದ ದೀರ್ಘ ಅಧ್ಯಯನ ತೋರಿಸಿಕೊಟ್ಟಿದೆ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಲ್ಲಿರಿಸಿ, ಎರಡೂ ಗುಂಪುಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಹೋದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು.

ಹಾಗಾಗಿ ಅಲ್ಪಾವಧಿಗೆ ಹೋಗುವವರು ಮಕ್ಕಳ ಲಾಲನೆಪಾಲನೆಯ ಕೆಲಸ ಹಿಡಿಯಬಾರದು. ದೊಡ್ಡವರ ಜೊತೆ ಮಾಡುವ ಕೆಲಸ ಬೇಕಾದಷ್ಟಿದೆ. ತಂಡದಲ್ಲಿ ನರ್ಸ್ ಇದ್ದರೆ ಆರೈಕೆ ಮಾಡುವ ಅಮ್ಮಂದಿರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡಲಿ. ಶಿಕ್ಷಕರಿದ್ದರೆ ಅಲ್ಲಿನ ಶಿಕ್ಷಕರೊಂದಿಗೆ ಕೂತು ಪಾಠದ ಸಲಕರಣೆ ಸಿದ್ಧಪಡಿಸಲಿ. ಲೆಕ್ಕ ಬಲ್ಲವರು ಲೆಕ್ಕದ ಪುಸ್ತಕ ಸರಿಮಾಡಿಕೊಡಲಿ, ವೈರಿಂಗ್ ಬಲ್ಲವರು ಹಳೆಯ ವೈರಿಂಗ್ ಬದಲಿಸಲಿ. ಇದಕ್ಕಿಂತ ಒಳ್ಳೆಯದೆಂದರೆ ಆಶ್ರಮವನ್ನೇ ಬಿಟ್ಟು, ಮಕ್ಕಳನ್ನು ಕುಟುಂಬಕ್ಕೆ ಮರಳಿಸುವ ಸಂಸ್ಥೆಯನ್ನು ಹುಡುಕುವುದು. ಅಥವಾ ದುಡಿಯುವ ತಾಯಂದಿರಿಗಾಗಿ ಶಿಶುವಿಹಾರ ನಡೆಸುವ ಸಭೆಯನ್ನು ಹುಡುಕುವುದು. ಅಮೆರಿಕದ ‘ಫೇತ್ ಟು ಆ್ಯಕ್ಷನ್’ ಎಂಬ ಕ್ರೈಸ್ತ ಒಕ್ಕೂಟ ಚರ್ಚುಗಳಿಗೆ ಕಲಿಸುತ್ತಿರುವುದೂ ಇದನ್ನೇ.

ಇದು ಕ್ರೈಸ್ತಸೇವೆಯಿಂದ ಹಿಂದೆ ಸರಿದಂತೆ ಅಲ್ಲವೇ ಎಂದು ಸಭೆಯ ಹಿರಿಯರು ಕೇಳಬಹುದು. ಮಿಷನ್ ಟ್ರಿಪ್ಪಿಗೆ ಎಲ್ಲರೂ ಆಧಾರ ಮಾಡಿಕೊಳ್ಳುವ ಯಾಕೋಬನ ಪತ್ರಿಕೆಯ 1ನೇ ಅಧ್ಯಾಯದ 27ನೇ ವಚನವನ್ನು ಅವರ ಜೊತೆ ಕೂತು ಪೂರ್ತಿ ಓದಿ. ಅಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ. ಹುಮ್ಲಾದ ಮಗುವಿನ ತಾಯಿಯೂ ಅವರಲ್ಲೊಬ್ಬಳಾಗಿರಬಹುದು. ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದದ್ದು ವಿಧವೆಯರಿಗಾಗಿ. ಮುಂದೆ ಕೇಡಗಾಂವದ ಮುಕ್ತಿ ಮಿಷನ್‌ನಲ್ಲಿ ಬರಗಾಲದ ಮಕ್ಕಳಿಗೂ ಆಶ್ರಯವಿತ್ತರು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡು ದೇಶವೆಲ್ಲ ಅಲೆದ ಹೆಣ್ಣುಮಗಳಿಗೆ, ತಾಯಿಯ ಕೈಗೆ ದುಡಿಮೆ ಸಿಕ್ಕಿದರೆ ಮಗುವೂ ಉಳಿಯುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಗದಪತ್ರ ಮತ್ತು ಕಾನೂನು

ಭಾರತದ ಪ್ರಜೆಗಳಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಆಧಾರ್ ಒಂದನ್ನೇ ನಂಬಿಕೊಂಡು ಹೊರಡಬೇಡಿ. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸ ಮಾಡಲೂ ಅನುಮತಿಯಿಲ್ಲ. ಪರವಾಗಿಲ್ಲ, ಎಲ್ಲರೂ ಹೀಗೇ ಬರುತ್ತಾರೆ ಎಂದು ಯಾರಾದರೂ ಧೈರ್ಯ ಹೇಳಿದರೆ ಒಪ್ಪಬೇಡಿ. ತಂಡದ ಪ್ರತಿಯೊಬ್ಬರೂ ಊರಿನಲ್ಲೇ ಪೊಲೀಸ್ ಪರಿಶೀಲನಾ ಪತ್ರ ಮಾಡಿಸಿಕೊಳ್ಳಲಿ. ಪಾಸ್ಟರ್ ಮಗ, ಹಿರಿಯರ ಮಗಳು ಎಂದು ಯಾರಿಗೂ ವಿನಾಯಿತಿ ಬೇಡ.

ಧರ್ಮದ ವಿಷಯದಲ್ಲಿ ತುಂಬ ಎಚ್ಚರ ಬೇಕು. ನೇಪಾಳದ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡಸಂಹಿತೆಯ ಪ್ರಕಾರ ಇದಕ್ಕೆ ಐದು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ಗಡಿಪಾರು. ಕರಪತ್ರ ಹಂಚಿ ನೀವು ಊರು ಸೇರಿಬಿಡಬಹುದು, ವಿಚಾರಣೆ ಎದುರಿಸುವವರು ಅಲ್ಲೇ ಉಳಿಯುವ ನೇಪಾಳಿ ಪಾಸ್ಟರು. ಊಟ, ಬಟ್ಟೆ, ಆಸರೆಗೆ ನಮ್ಮನ್ನೇ ನೆಚ್ಚಿರುವ ಮಗುವಿನ ಎದುರು ನಂಬಿಕೆಯ ಮಾತೆತ್ತಿದರೆ ಆ ಮಗು ಬೇಡ ಎಂದು ಹೇಳುವುದಾದರೂ ಹೇಗೆ? ಕಾನೂನು ಬದಿಗಿಟ್ಟರೂ ಇದು ನ್ಯಾಯವಲ್ಲ. ಆರಾಧನೆಗೆ ಸ್ಥಳೀಯ ಸಭೆಗೆ ಹೋಗಿ, ಅವರ ನಡುವೆ ಕೂರಿ. ನೇಪಾಳದಲ್ಲಿ ವಾರದ ರಜೆ ಶನಿವಾರವಾದ್ದರಿಂದ ಹೆಚ್ಚಿನ ಸಭೆಗಳ ಆರಾಧನೆಯೂ ಶನಿವಾರವೇ. ಕಾರ್ಯಕ್ರಮ ಪಟ್ಟಿ ಮಾಡುವಾಗ ಇದು ನೆನಪಿರಲಿ.

ಅಲ್ಲಿರುವಾಗ

ಮಗುವಿನೊಡನೆ ಒಬ್ಬರೇ ಕೋಣೆಯಲ್ಲಿ ಇರಬೇಡಿ. ಮಲಗುವ ಕೋಣೆಗೆ, ಸ್ನಾನದ ಮನೆಗೆ ಹೋಗಬೇಡಿ. ಅಪ್ಪ ಎಲ್ಲಿ, ಅಮ್ಮ ಏನಾದಳು ಎಂದು ಕೆದಕಬೇಡಿ. ಮತ್ತೆ ಬರುತ್ತೇನೆ ಎಂಬ ಮಾತು ಬಾಯಿಗೆ ಬರುತ್ತದೆ, ಹೇಳಬೇಡಿ. ಮಗು ನಂಬಿ ಕಾಯುತ್ತದೆ. ಮೊಬೈಲ್ ನಂಬರ್ ಕೊಡುವುದು, ಒಂದು ಮಗುವಿಗೆ ಮಾತ್ರ ಉಡುಗೊರೆ ಕೊಡುವುದು ಬೇಡ.

ಮಕ್ಕಳ ಮುಖ ಕಾಣುವ ಫೋಟೊ ತೆಗೆಯಬೇಡಿ. ನಿಮ್ಮ ಮಗಳ ಶಾಲೆಗೆ ಹೊರಗಿನವರು ಬಂದು ಅವಳನ್ನು ತಬ್ಬಿಕೊಂಡು ಫೋಟೊ ತೆಗೆದು, ಪಾಪದ ಹುಡುಗಿ ಎಂದು ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ನೀವು ಸುಮ್ಮನಿರುತ್ತೀರಾ?

ಹೊಡೆತದ ಗುರುತು, ಅತಿಥಿಗಳ ಎದುರು ಬಲವಂತದ ಕುಣಿತ, ದೇಣಿಗೆ ಬಂದರೂ ಹರಿದ ಬಟ್ಟೆ, ಮನೆಗೆ ಹೋಗಬೇಕೆಂದು ಅಳುವ ಮಗು ಕಣ್ಣಿಗೆ ಬಿದ್ದರೆ ಅಲ್ಲೇ ಜಗಳ ಎತ್ತಬೇಡಿ, ಮಗುವನ್ನು ಕರೆದುಕೊಂಡು ಹೊರಡುವ ಸಾಹಸವಂತೂ ಬೇಡವೇ ಬೇಡ. ಕಂಡದ್ದನ್ನು ದಿನಾಂಕ ಸಮೇತ ಬರೆದಿಟ್ಟುಕೊಂಡು ಹೊರಗೆ ಬಂದ ಮೇಲೆ ದೂರು ಕೊಡಿ. ನೇಪಾಳದಲ್ಲೂ ಮಕ್ಕಳ ಸಹಾಯವಾಣಿ 1098, ಪೊಲೀಸ್ 100.

ದುಡ್ಡಿನ ವಿಚಾರ

ನಗದನ್ನು ಯಾರ ಕೈಗೂ ಕೊಡಬೇಡಿ. ಸಂಸ್ಥೆಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ಪಡೆಯಿರಿ. ಇನ್ನೂ ಒಂದು ಲೆಕ್ಕವನ್ನು ಹೊರಡುವ ಮೊದಲೇ ತಂಡದ ಎಲ್ಲರೂ ಕೂತು ಹಾಕಿ. ಹಾಳೆಯ ಎಡಕ್ಕೆ ಟಿಕೆಟ್, ವಸತಿ, ಊಟ, ತಿರುಗಾಟದ ಒಟ್ಟು ಖರ್ಚು ಬರೆಯಿರಿ. ಬಲಕ್ಕೆ, ಒಂದು ಮಗು ತಾಯಿಯ ಮನೆಯಲ್ಲೇ ಉಳಿದು ಒಂದು ವರ್ಷ ಓದಲು ಎಷ್ಟು ಬೇಕೆಂದು ಅಲ್ಲಿನ ಸಂಸ್ಥೆಯನ್ನು ಕೇಳಿ ಬರೆಯಿರಿ. ಹತ್ತು ಮಂದಿ ಹೋಗುವ ಬದಲು ಇಬ್ಬರು ಹೋಗಿ, ಉಳಿದವರ ಖರ್ಚಿನ ಹಣ ಕಳಿಸುವುದು ಸರಿ ಎನ್ನಿಸಿದರೆ ಹಾಗೆಯೇ ಮಾಡಿ.

ಮರಳಿದ ಮೇಲೆ ಭಾನುವಾರ ಸಾಕ್ಷಿ ಹೇಳುವ ಸರದಿ ಬರುತ್ತದೆ. ಅಲ್ಲಿ ಮಕ್ಕಳ ಹೆಸರು, ಕಥೆ ಹೇಳದೆ, ಅವರ ಹೆತ್ತವರು ಎಲ್ಲಿದ್ದಾರೆ, ಯಾಕೆ ದೂರವಾದರು ಎಂಬುದನ್ನು ಹೇಳಿ. ನಿಮ್ಮ ಸಭೆ ವರ್ಷಗಳಿಂದ ಯಾವುದಾದರೂ ಆಶ್ರಮಕ್ಕೆ ಕಾಣಿಕೆ ಕಳಿಸುತ್ತಿದ್ದರೆ ಅದನ್ನು ಏಕಾಏಕಿ ನಿಲ್ಲಿಸಬೇಡಿ. ಊಟಕ್ಕೆ ಕಷ್ಟವಾಗುವುದು ಮಕ್ಕಳಿಗೇ. ಮಕ್ಕಳ ಕುಟುಂಬಗಳನ್ನು ಹುಡುಕಲು ಒಬ್ಬ ಸಮಾಜ ಕಾರ್ಯಕರ್ತರನ್ನು ನೇಮಿಸಿದರೆ ಅವರ ಸಂಬಳ ನಾವು ಕೊಡುತ್ತೇವೆ ಎಂದು ಆ ಆಶ್ರಮಕ್ಕೆ ಪತ್ರ ಬರೆಯಿರಿ. ಒಪ್ಪಿದರೆ ಮೂರು ತಿಂಗಳಿಗೊಮ್ಮೆ ವರದಿ ತರಿಸಿಕೊಳ್ಳಿ. ಒಪ್ಪದಿದ್ದರೆ, ಒಪ್ಪುವ ಸಂಸ್ಥೆಗೆ ಹಂತಹಂತವಾಗಿ ಆ ಕಾಣಿಕೆಯನ್ನು ತಿರುಗಿಸಲು ಸಭಾಕಮಿಟಿಯ ಮುಂದಿನ ವರ್ಷದ ಬಜೆಟ್ಟಿನಲ್ಲೇ ನಿರ್ಣಯ ಮಾಡಿಸಿ.